ಬಿಟ್ಟುಹೋದ ಸಾಲುಗಳು

ಸಂಕ್ರಮಣ ಕಳೆದು ಬಿಳಿಜೋಳದ ತೆನೆಯಲ್ಲಿ ಕಾಳು ಗಟ್ಟಿಯಾಗುವ ಹೊತ್ತಿಗೆ ಭೂಜಲ ತಜ್ಞೆ ರಾಮದುರ್ಗದಿಂದ ಬಸ್ಸು ಹತ್ತಿ ಬೈಲಹೊಂಗಲಕ್ಕೆ ಬಂದಳು. ಬಟ್ಟೆ ಅಂಗಡಿಯ ಮೇಲಿನ ಎರಡು ಕೋಣೆಗಳೇ ನಮ್ಮ ಕಚೇರಿ. ಮೆಟ್ಟಿಲು ಹತ್ತಿ ಬಂದವಳು ಹೆಗಲ ಚೀಲ ಇಳಿಸದೆ, ನೀರೂ ಕುಡಿಯದೆ, ಲ್ಯಾಪ್‌ಟಾಪ್ ತೆರೆದು ನನ್ನ ಮೇಜಿನ ಮೇಲಿಟ್ಟಳು. ಪರದೆಯ ಮೇಲೆ ಅಕ್ಕಪಕ್ಕ ಎರಡು ಚಿತ್ರಗಳು. ಎಡಗಡೆಯದರಲ್ಲಿ ಬಂಡೆಯ ಆಳಕ್ಕೆ ಮೊದಲ ಸ್ಥಾನ, ಬೋರ್‌ಗಳು ಎತ್ತುವ ನೀರಿಗೆ ಎರಡನೆಯದು. ಬಲಗಡೆಯದರಲ್ಲಿ ಅದು ತಿರುವುಮುರುವಾಗಿತ್ತು.

"ಎರಡೂ ನಿಮ್ಮ ಸಾಫ್ಟ್‌ವೇರ್ ಕೊಟ್ಟ ಉತ್ತರನ ಅಕ್ಕಾ," ಅಂದಳು. "ನಾ ಮಾಡೆಲ್ ಬದಲ ಮಾಡಿಲ್ಲ, ಮಷೀನ್ ಬದಲ ಮಾಡಿಲ್ಲ. ಎರಡ್ರಾಗ ಖರೆ ಯಾವ್ದು?"

ಚಹಾ ತರಿಸಿದೆ. ಅವಳು ಕುಡಿಯುತ್ತಾ ತನ್ನ ತೊಂದರೆಯನ್ನು ಮೊದಲಿನಿಂದ ಹೇಳಿದಳು.

ಸವದತ್ತಿ ತಾಲೂಕಿನಲ್ಲಿ ಹೂಲಿಗೆ ಹತ್ತಿರದ ಒಂದು ಊರು. ಅಲ್ಲಿ ಊರವರೆಲ್ಲ ಕುಡಿಯುವ ನೀರಿನ ಬೋರ್ ಹೊಲದ ಬೋರ್‌ಗಳ ನಡುವೆಯೇ ಇದೆ. ಬೇಸಿಗೆ ಏರಿದಂತೆ ಅದು ಬತ್ತುತ್ತದೆ, ಟ್ಯಾಂಕರಿಗೆ ಕಾಯಬೇಕಾಗುತ್ತದೆ. ಯಾವ ತಿಂಗಳು ಹೊಲಗಳಿಗೆ ಎಷ್ಟು ನೀರು ಎತ್ತಿದರೆ ಕುಡಿಯುವ ಬೋರ್ ಮಳೆಗಾಲದವರೆಗೆ ಬಾಳುತ್ತದೆ ಎಂದು ಮುಂಚೆಯೇ ಹೇಳಬಲ್ಲ ಗಣಿತದ ಮಾಡೆಲ್ ಒಂದನ್ನು ಇವಳು ಕಟ್ಟಿದ್ದಳು. ಆದರೆ ಅದಕ್ಕೆ ಕೊಡಬೇಕಾದ ಅಂಶಗಳಲ್ಲಿ ಹೆಚ್ಚಿನವು ಅಂದಾಜು. ನೆಲದಡಿ ಬಂಡೆ ಎಷ್ಟು ಆಳದಲ್ಲಿದೆ, ಎಲ್ಲ ಬೋರ್‌ಗಳು ಸೇರಿ ಎಷ್ಟು ನೀರು ಎತ್ತುತ್ತವೆ, ಕರಿಮಣ್ಣಿನಲ್ಲಿ ಮಳೆ ಎಷ್ಟು ಇಂಗುತ್ತದೆ, ಹೀಗೆ. ಈ ಬೇಸಿಗೆಯಲ್ಲಿ ಅವುಗಳಲ್ಲಿ ಒಂದನ್ನು ಮಾತ್ರ ನಿಖರವಾಗಿ ಅಳೆಯುವಷ್ಟು ಜನ, ಉಪಕರಣ ಇದ್ದವು. ಬಂಡೆಯ ಆಳ ಅಳೆಯಲು ನೆಲದಲ್ಲಿ ಕರೆಂಟು ಹರಿಸಿ ನೋಡಿದರಾಯಿತು, ಯಾರ ತಕರಾರೂ ಇರಲಿಲ್ಲ. ಎತ್ತುವ ನೀರು ಅಳೆಯಬೇಕೆಂದರೆ ಪ್ರತಿ ಬೋರಿಗೂ ಮೀಟರ್ ಕೂಡಿಸಬೇಕು, ಅದಕ್ಕೆ ರೈತರು ಒಪ್ಪಬೇಕು. ಮೀಟರ್ ಎಂದರೆ ನಾಳೆ ಬಿಲ್ಲು ಬರುತ್ತದೆ ಎಂದು ಅವರಿಗೆ ಸಂಶಯ.

ಯಾವುದನ್ನು ಅಳೆದರೆ ಹೆಚ್ಚು ಪ್ರಯೋಜನ ಎಂದು ತಿಳಿಯುವುದಕ್ಕೇ ನಮ್ಮ ಸಾಫ್ಟ್‌ವೇರ್ ಇರುವುದು. ಸಂವೇದನಾ ವಿಶ್ಲೇಷಣೆ ಎಂಬ ದೊಡ್ಡ ಹೆಸರು ಅದಕ್ಕೆ. ಕೆಲಸ ಮಾತ್ರ ಸರಳ. ಅನುಮಾನವಿರುವ ಎಲ್ಲ ಅಂಶಗಳನ್ನೂ ಅವುಗಳ ಮಿತಿಯೊಳಗೆ ಒಟ್ಟಿಗೆ ಹೇಗೆಂದರೆ ಹಾಗೆ ಬದಲಿಸುತ್ತಾ ಮಾಡೆಲನ್ನು ಮತ್ತೆ ಮತ್ತೆ ಓಡಿಸುವುದು. ಉತ್ತರ ಮೇಲೆ ಕೆಳಗೆ ಆಡುತ್ತದಲ್ಲ, ಆ ಆಟದಲ್ಲಿ ಯಾವ ಅಂಶದ ಪಾಲು ಎಷ್ಟು ಎಂದು ಲೆಕ್ಕ ಹಾಕುವುದು. ಪಾಲು ಸೊನ್ನೆಯ ಹತ್ತಿರವಿದ್ದರೆ ಆ ಅಂಶ ಲೆಕ್ಕಕ್ಕಿಲ್ಲ, ಒಂದರ ಹತ್ತಿರವಿದ್ದರೆ ಅದೇ ಎಲ್ಲ.

ತಜ್ಞೆ ಎರಡು ಸಲ ಓಡಿಸಿದಾಗ ಕಂಪ್ಯೂಟರ್ ಅಂಶಗಳ ಬೆಲೆಗಳನ್ನು ಚೀಟಿ ಎತ್ತಿದಂತೆ ಆರಿಸಿ ಎರಡು ಬೇರೆ ಬೇರೆ ಯಾದೃಚ್ಛಿಕ ಗುಂಪುಗಳನ್ನು ಮಾಡಿಕೊಂಡಿತ್ತು. ಹಾಗಾಗಿ ಉತ್ತರ ಸ್ವಲ್ಪ ಬದಲಾಗುವುದು ಸಹಜ. ಎಷ್ಟು ಬದಲಾಗಬಹುದು ಎಂಬುದನ್ನು ಮಾತ್ರ ನಮ್ಮ ಸಾಫ್ಟ್‌ವೇರ್ ಹೇಳುತ್ತಿರಲಿಲ್ಲ. ಪ್ರತಿ ಪಾಲನ್ನೂ ನಾಲ್ಕು ದಶಾಂಶದವರೆಗೆ ಬರೆದು ಕೈತೊಳೆದುಕೊಳ್ಳುತ್ತಿತ್ತು.

ಹೆಚ್ಚು ಸಲ ಓಡಿಸಿದರೆ ಅನುಮಾನ ತೀರುತ್ತದೆ ಎಂದು ನಾನೇ ಮೊದಲು ಹೇಳಿದೆ. ಅವಳ ಮಾಡೆಲ್ ಒಂದು ಸಲ ಓಡಲು ಅರ್ಧ ತಾಸು ಬೇಕು ಎಂದು ತಿಳಿದ ಮೇಲೆ ಆ ದಾರಿ ಬಿಟ್ಟೆ. ಹೋಳಿಗೆ ಮುಂಚೆ ಊರಿನ ನೀರು ಸಮಿತಿ ಸಭೆ ಸೇರಿ ತೀರ್ಮಾನ ಮಾಡುವುದಿತ್ತು. ಇರುವ ಓಟಗಳಿಂದಲೇ ಉತ್ತರದ ಗಟ್ಟಿತನವನ್ನು ಅಳೆಯಬೇಕಾಗಿತ್ತು.

ಅದಕ್ಕೆ ಒಂದು ದಾರಿ ಇದೆ. ಇದ್ದ ಫಲಿತಾಂಶಗಳ ರಾಶಿಯಿಂದಲೇ ಒಂದನ್ನು ಎತ್ತಿ, ಬರೆದುಕೊಂಡು, ತಿರುಗಿ ರಾಶಿಗೇ ಹಾಕಿ, ಮತ್ತೊಂದನ್ನು ಎತ್ತುವುದು. ಹೀಗೆ ಮೊದಲಿನಷ್ಟೇ ದೊಡ್ಡದಾದ ಹೊಸ ರಾಶಿ ಮಾಡಿ ಪಾಲುಗಳನ್ನು ಮತ್ತೆ ಲೆಕ್ಕ ಹಾಕುವುದು. ಹೊಸ ರಾಶಿಯಲ್ಲಿ ಕೆಲವು ಎರಡು ಮೂರು ಸಲ ಬರುತ್ತವೆ, ಕೆಲವು ಬರುವುದೇ ಇಲ್ಲ. ಸಾವಿರಾರು ಸಲ ಹೀಗೆ ಮಾಡಿದರೆ ಪ್ರತಿ ಪಾಲೂ ಎಲ್ಲಿಂದ ಎಲ್ಲಿಗೆ ಓಲಾಡುತ್ತದೆ ಎಂದು ಕಾಣುತ್ತದೆ. ಮಾಡೆಲನ್ನು ಮುಟ್ಟುವ ಅಗತ್ಯವೇ ಇಲ್ಲವಾದ್ದರಿಂದ ಕೆಲಸ ನಿಮಿಷಗಳಲ್ಲಿ ಮುಗಿಯುತ್ತದೆ. ಇದಕ್ಕೆ ಮರುಆಯ್ಕೆ ಅನ್ನುತ್ತೇವೆ.

ನಮ್ಮ ತಂಡದ ಮುಖ್ಯಸ್ಥರು ಕಿತ್ತೂರಿನವರು, ದಿನವೂ ಬೈಕಿನಲ್ಲಿ ಬಂದು ಹೋಗುತ್ತಾರೆ. ವಿಷಯ ಹೇಳಿದಾಗ ಅವರಿಗೆ ಖುಷಿಯಾಯಿತು. ಸಾಫ್ಟ್‌ವೇರಿನ ಹೊಸ ಆವೃತ್ತಿಯನ್ನು ಬಳಕೆದಾರರಿಗೆ ಕಳಿಸುವ ದಿನ ಹತ್ತಿರ ಬಂದಿತ್ತು. ಇದನ್ನೂ ಅದರಲ್ಲಿ ಸೇರಿಸೋಣ, ಬರೆಯುವ ಕೆಲಸ ನೀವೇ ಮಾಡಿ ಎಂದು ನನಗೆ ವಹಿಸಿದರು.

ಬರೆದೆ. ಓಡಿಸಿದೆ. ಬಂದ ಉತ್ತರ ನೋಡಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎಲ್ಲ ಅಂಶಗಳ ಪಾಲೂ ಒಂದರ ಆಸುಪಾಸಿನಲ್ಲಿ ಬಂದು ಕೂತಿದ್ದವು. ಬಂಡೆಯೂ ಒಂದು, ಎತ್ತುವ ನೀರೂ ಒಂದು, ಮಣ್ಣೂ ಒಂದು. ಮೂಲ ಲೆಕ್ಕದಲ್ಲಿ ಬಂದ ಪಾಲು ಅದರದೇ ಓಲಾಟದ ವ್ಯಾಪ್ತಿಯ ಹೊರಗೆ ದೂರದಲ್ಲಿ ಎಲ್ಲೋ ಇತ್ತು.

ಇಂಥ ಹೊತ್ತಿಗೆಂದು ನಾವು ಒಂದು ಖೊಟ್ಟಿ ಅಂಶವನ್ನು ಇಟ್ಟುಕೊಂಡಿರುತ್ತೇವೆ. ಅದಕ್ಕೂ ಬೆಲೆಗಳನ್ನು ಕೊಡುತ್ತೇವೆ, ಆದರೆ ಮಾಡೆಲಿನೊಳಗೆ ಅದನ್ನು ಎಲ್ಲಿಯೂ ಬಳಸುವುದಿಲ್ಲ. ಅದರ ಪಾಲು ಸೊನ್ನೆ ಬರಲೇಬೇಕು. ಅದೂ ಒಂದು ಎಂದು ನಿಂತಿತ್ತು. ಹಾಗಾಗಿ ತಪ್ಪು ತಜ್ಞೆಯ ಮಾಡೆಲಿನದಲ್ಲ, ನಾನು ಬರೆದ ಭಾಗದ್ದು ಎಂಬುದಾದರೂ ಖಾತ್ರಿಯಾಯಿತು.

ಹುಡುಕುವುದು ಬೇಸರದ ಕೆಲಸ. ಪ್ರತಿ ಹೆಜ್ಜೆಯ ನಂತರವೂ ನಿಲ್ಲಿಸಿ ಸಂಖ್ಯೆಗಳನ್ನು ಹೊರಗೆ ತೆಗೆದು ನೋಡುತ್ತಾ ಹೋದೆ. ಕೊನೆಗೆ ಸಿಕ್ಕಿತು. ನಮ್ಮ ವಿಧಾನದಲ್ಲಿ ಒಂದು ಮೂಲ ಸಾಲು ಇರುತ್ತದೆ, ಅದರ ಬೆನ್ನಿಗೆ ಒಂದೊಂದೇ ಅಂಶವನ್ನು ಬದಲಿಸಿದ ಜೊತೆ ಸಾಲುಗಳು ಇರುತ್ತವೆ. ಇವೆಲ್ಲ ಸೇರಿ ಒಂದು ಕುಟುಂಬ. ಮೂಲ ಸಾಲಿನ ಉತ್ತರಕ್ಕೂ ಜೊತೆ ಸಾಲಿನ ಉತ್ತರಕ್ಕೂ ಇರುವ ವ್ಯತ್ಯಾಸದಿಂದಲೇ ಆ ಅಂಶದ ಪಾಲು ಹೊರಡುತ್ತದೆ. ನಾನು ಮರುಆಯ್ಕೆ ಮಾಡುವಾಗ ಮೂಲ ಸಾಲುಗಳನ್ನು ಬೇರೆಯಾಗಿ, ಜೊತೆ ಸಾಲುಗಳನ್ನು ಬೇರೆಯಾಗಿ ಎತ್ತಿದ್ದೆ. ಯಾರದೋ ಮನೆಯ ತಾಯಿಯ ಪಕ್ಕದಲ್ಲಿ ಇನ್ಯಾರದೋ ಮನೆಯ ಮಗಳನ್ನು ನಿಲ್ಲಿಸಿ ಹೋಲಿಕೆ ಹುಡುಕಿದ ಹಾಗಾಗಿತ್ತು. ಸಂಬಂಧವಿಲ್ಲದ ಎರಡು ಸಾಲುಗಳ ನಡುವೆ ವ್ಯತ್ಯಾಸ ದೊಡ್ಡದೇ ಇರುತ್ತದೆ, ಆದ್ದರಿಂದ ಎಲ್ಲರ ಪಾಲೂ ಒಂದು.

ಕುಟುಂಬವನ್ನು ಇಡಿಯಾಗಿ ಎತ್ತುವಂತೆ ತಿದ್ದಿದೆ. ಖೊಟ್ಟಿ ಅಂಶ ಸೊನ್ನೆಗೆ ಇಳಿಯಿತು. ಉತ್ತರ ಮೊದಲೇ ಗೊತ್ತಿರುವ ಒಂದು ಪರೀಕ್ಷಾ ಲೆಕ್ಕವನ್ನು ಕೊಟ್ಟು ಬೇರೆ ಬೇರೆ ಗುಂಪುಗಳೊಂದಿಗೆ ಓಡಿಸಿದೆ. ನಾವು ಹೇಳುವ ವ್ಯಾಪ್ತಿಯೊಳಗೆ ನಿಜವಾದ ಪಾಲು ಎಷ್ಟು ಸಲ ಸಿಗಬೇಕೋ ಹೆಚ್ಚುಕಡಿಮೆ ಅಷ್ಟು ಸಲ ಸಿಕ್ಕಿತು. ಆ ಮಧ್ಯಾಹ್ನ ನೆಮ್ಮದಿಯಿಂದ ಊಟ ಮಾಡಿದೆ.

ಇನ್ನು ತಜ್ಞೆಯ ಮಾಡೆಲ್. ಬಂಡೆಯ ಆಳ ಮತ್ತು ಎತ್ತುವ ನೀರಿನ ವ್ಯಾಪ್ತಿಗಳು ಒಂದರ ಮೇಲೊಂದು ಬಿದ್ದಿದ್ದವು. ಯಾವುದು ಮೊದಲು ಎಂದು ಹೇಳುವಂತಿರಲಿಲ್ಲ. ಮುಖ್ಯಸ್ಥರು ಚಿತ್ರ ನೋಡಿ, ಕೆಲಸ ಮುಗಿಯಿತು ಎಂದರು. ಎರಡೂ ಸಮ ಎಂದು ಬರೆದು ಕಳಿಸೋಣ, ಸಮ ಇದ್ದ ಮೇಲೆ ಸಮಿತಿಯವರು ತಕರಾರಿಲ್ಲದ ಬಂಡೆಯನ್ನೇ ಅಳೆಯಲಿ ಎಂಬುದು ಅವರ ಮಾತು. ಅದರಲ್ಲಿ ತಪ್ಪೇನೂ ಇರಲಿಲ್ಲ. ನಾನೂ ತಲೆಯಾಡಿಸಿದೆ.

ವರದಿಗೆ ಹಾಕಲು ಇನ್ನೊಂದು ಚಿತ್ರ ಬೇಕಾಗಿತ್ತು. ಕುಟುಂಬಗಳ ಸಂಖ್ಯೆ ಹೆಚ್ಚಿದಂತೆ ವ್ಯಾಪ್ತಿ ಹೇಗೆ ಕಿರಿದಾಗುತ್ತದೆ ಎಂದು ತೋರಿಸುವ ಚಿತ್ರ. ಅದನ್ನು ಬಿಡಿಸುವಾಗ ಗಮನಿಸಿದೆ, ಲೆಕ್ಕಕ್ಕೆ ಸಿಕ್ಕ ಕುಟುಂಬಗಳು ತಜ್ಞೆ ಓಡಿಸಿದ್ದೇನೆ ಎಂದು ಹೇಳಿದ್ದಕ್ಕಿಂತ ಕಡಿಮೆ ಇದ್ದವು. ಫೋನ್ ಮಾಡಿ ಕೇಳಿದೆ.

"ಎಲ್ಲಾ ಓಡಿಸೇನಿ ಅಕ್ಕಾ. ಕೆಲವು ನಡುವ ನಿಂತು ಬಿಟ್ಟಾವ. ಅವನ್ನ ಖಾಲಿ ಬಿಟ್ಟೇನಿ."

ನಮ್ಮ ಸಾಫ್ಟ್‌ವೇರಿಗೆ ಖಾಲಿ ಸಾಲು ಸಿಕ್ಕರೆ ಆ ಕುಟುಂಬವನ್ನೇ ಸದ್ದಿಲ್ಲದೆ ಪಕ್ಕಕ್ಕಿಡುತ್ತಿತ್ತು. ಅಲ್ಲೊಂದು ಇಲ್ಲೊಂದು ಹೋದರೆ ನಷ್ಟವಿಲ್ಲ ಎಂಬ ಭರವಸೆಯ ಮೇಲೆ ಬರೆದ ಭಾಗ ಅದು. ಖಾಲಿ ಉಳಿದ ಓಟಗಳನ್ನು ಮಾತ್ರ ಆರಿಸಿ, ಅಡ್ಡಕ್ಕೆ ಎತ್ತುವ ನೀರು, ಉದ್ದಕ್ಕೆ ಬಂಡೆಯ ಆಳ ಇಟ್ಟು ಚುಕ್ಕೆ ಹಾಕಿದೆ. ಎಲ್ಲ ಚುಕ್ಕೆಗಳೂ ಒಂದೇ ಮೂಲೆಯಲ್ಲಿ ಬಿದ್ದವು. ಬೋರ್‌ಗಳು ಬಹಳ ನೀರು ಎತ್ತುತ್ತವೆ, ಬಂಡೆ ಮೇಲೆಯೇ ಇದೆ. ಅಂದರೆ ಬೋರ್ ಬತ್ತುವ ಮೂಲೆ.

ಬೋರ್ ಬತ್ತಿದಾಗ ಏನಾಗುತ್ತದೆ ಎಂದು ತಿಳಿಯಲು ಕಟ್ಟಿದ ಮಾಡೆಲ್ ಅದು. ಬೋರ್ ಬತ್ತಿದ ಓಟಗಳೆಲ್ಲ ಲೆಕ್ಕದಿಂದ ಜಾರಿಹೋಗಿದ್ದವು. ಅತಿಯಾಗಿ ನೀರು ಎತ್ತಿದ ಸಂದರ್ಭಗಳೇ ಇಲ್ಲದ ಮೇಲೆ ಎತ್ತುವ ನೀರಿನ ಪಾಲು ಕಡಿಮೆ ಕಾಣದೆ ಇನ್ನೇನು? ಮರುಆಯ್ಕೆ ಇದನ್ನು ಹಿಡಿಯುವುದು ಸಾಧ್ಯವೇ ಇರಲಿಲ್ಲ. ರಾಶಿಯಲ್ಲಿ ಇಲ್ಲದ್ದನ್ನು ಎಷ್ಟು ಸಲ ಎತ್ತಿದರೂ ಅದು ಕೈಗೆ ಬರುವುದಿಲ್ಲ.

ಮುಖ್ಯಸ್ಥರನ್ನು ಕರೆದು ತೋರಿಸಿದೆ. ಇನ್ನು ಮುಂದೆ ಖಾಲಿ ಸಾಲುಗಳು ಹೀಗೆ ಒಂದೇ ಕಡೆ ಗುಂಪುಗೂಡಿದ್ದರೆ ನಮ್ಮ ಸಾಫ್ಟ್‌ವೇರ್ ಸ್ಥಾನಗಳನ್ನು ಹೇಳಲೇಬಾರದು, ಮೊದಲು ಈ ಚುಕ್ಕೆಗಳನ್ನು ತೋರಿಸಿ ನಿಲ್ಲಬೇಕು ಎಂದೆ. ಅವರಿಗೆ ಸರಿಬರಲಿಲ್ಲ.

"ನೋಡ್ರಿ ಮೇಡಮ್ಮಾರ, ಮಂದಿ ಸಾಫ್ಟ್‌ವೇರ್ ತಗೊಳ್ಳೂದು ಉತ್ತರಕ್ಕ. ಉತ್ತರ ಕೊಡೂದಿಲ್ಲ ಅಂತ ಅದು ಕುಂತ್ರ, ನಾಳೆ ಯಾರು ಬಳಸ್ತಾರ? ಕೆಳಗ ಒಂದು ಸಾಲು ಎಚ್ಚರಿಕಿ ಬರೀರಿ, ಸಾಕು."

"ಕೆಳಗ ಬರದದ್ದನ್ನ ಯಾರೂ ಓದೂದಿಲ್ರಿ ಸರ್. ನಾನೂ ಓದೂದಿಲ್ಲ."

"ಕಳಸೂ ತಾರೀಖು ಹೇಳಿ ಆಗೇತಿ."

"ಹಂಗಾರ ಮರುಆಯ್ಕೆ ತಗದು ಕಳಸ್ರಿ. ಇದನ್ನ ಹಿಂಗ ಕಳಸಾಕ ನನಗ ಮನಸಿಲ್ಲ. ವ್ಯಾಪ್ತಿ ಅಂತ ಒಂದು ಗೆರಿ ಎಳದ ಕೂಡ್ಲೆ ನೋಡಿದವರು ನಂಬತಾರ."

ಅವರು ಆ ಪರೀಕ್ಷಾ ಲೆಕ್ಕವನ್ನು ನನ್ನಿಂದ ಕೇಳಿ ಪಡೆದುಕೊಂಡು ಕಿತ್ತೂರಿಗೆ ಹೋದರು. ಹೀಗೆ ಮಾತಿಗೆ ಮಾತು ಕೊಟ್ಟದ್ದು ನನಗೆ ಒಳಗೊಳಗೇ ಕಸಿವಿಸಿ. ಮರುದಿನ ಕಚೇರಿಗೆ ಬೇಗ ಹೋದೆ, ಅವರು ನನಗಿಂತ ಮುಂಚೆಯೇ ಬಂದು ಕೂತಿದ್ದರು. ಪರೀಕ್ಷಾ ಲೆಕ್ಕದಿಂದ ಒಂದು ಮೂಲೆಯ ಸಾಲುಗಳನ್ನು ಬೇಕೆಂದೇ ಕಿತ್ತುಹಾಕಿ ಓಡಿಸಿ ನೋಡಿದ್ದರು. ಚಿತ್ರವನ್ನು ನನ್ನ ಕಡೆ ತಿರುಗಿಸಿದರು. ವ್ಯಾಪ್ತಿಗಳು ಸಣ್ಣದಾಗಿ, ಅಚ್ಚುಕಟ್ಟಾಗಿ ಇದ್ದವು. ನಿಜವಾದ ಪಾಲು ಅವುಗಳಲ್ಲಿ ಒಂದರೊಳಗೂ ಇರಲಿಲ್ಲ.

"ಎಷ್ಟು ಧೈರ್ಯಲೆ ಸುಳ್ಳು ಹೇಳತೈತಿ ನೋಡ್ರಿ," ಅಂದರು. "ನಿಲ್ಲಸ್ರಿ. ತಾರೀಖಿನ ಮಾತು ನಾ ನೋಡ್ಕೋತೇನಿ."

ಬಳಕೆದಾರರಿಗೆ ತಡವಾಗುತ್ತದೆ ಎಂದು ತಿಳಿಸುವ ಕೆಲಸವನ್ನು ಅವರೇ ವಹಿಸಿಕೊಂಡರು. ಕೆಲವರು ಬೇಸರ ಮಾಡಿಕೊಂಡರಂತೆ. ಅದನ್ನು ನನ್ನವರೆಗೆ ಬರಗೊಡಲಿಲ್ಲ.

ತಜ್ಞೆಯ ಮಾಡೆಲ್ ನಡುವೆ ನಿಲ್ಲುವುದೇಕೆ ಎಂಬ ಪ್ರಶ್ನೆ ಉಳಿದಿತ್ತು. ಅದು ಅವಳ ಕೆಲಸ. ಆದರೂ ಊರಿಗೆ ಹೋಗಿ ಬೋರ್‌ಗಳನ್ನು ನೋಡಿ ಬರುತ್ತೇನೆ, ನೀವೂ ಬರ್ರಿ ಎಂದು ಅವಳು ಕರೆದಾಗ ಇಲ್ಲ ಎನ್ನಲಾಗಲಿಲ್ಲ. ಲೆಕ್ಕದೊಳಗಿನ ಊರನ್ನು ನಾನು ಕಣ್ಣಿಂದ ಕಂಡಿರಲಿಲ್ಲ. ಸವದತ್ತಿ ಬಸ್‌ಸ್ಟ್ಯಾಂಡಿನಲ್ಲಿ ಭೇಟಿಯಾಗಿ ಒಟ್ಟಿಗೆ ಹೋದೆವು.

ನೀರು ಸಮಿತಿಯ ಅಧ್ಯಕ್ಷೆ ವಯಸ್ಸಾದ ಹೆಂಗಸು. ಎರಡು ಬೋರ್ ಇರುವ ಹೊಲವನ್ನು ತಾವೇ ಮುಂದೆ ನಿಂತು ಮಾಡಿಸುವವರು. ರೊಟ್ಟಿ, ಹೆಸರುಕಾಳಿನ ಪಲ್ಯ, ಬೆಣ್ಣೆ ಹಾಕಿ ಉಣ್ಣಿಸಿದ ಮೇಲೆ ಹೊಲಕ್ಕೆ ಕರೆದುಕೊಂಡು ಹೋದರು. ಉಳ್ಳಾಗಡ್ಡಿಗೆ ನೀರು ಬಿಟ್ಟಿದ್ದರು. ನಾವು ಬದುವಿನ ಮೇಲೆ ನಿಂತಿದ್ದಾಗಲೇ ಧಾರೆ ಸಣ್ಣದಾಯಿತು, ಕೆಮ್ಮಿದ ಹಾಗೆ ಗಾಳಿ ಉಗುಳಿತು, ಮೋಟರ್ ತಾನೇ ಬಂದಾಯಿತು. ಅಧ್ಯಕ್ಷೆ ಅತ್ತ ತಿರುಗಿಯೂ ನೋಡಲಿಲ್ಲ, ನಮ್ಮೊಂದಿಗೆ ಮಾತು ಮುಂದುವರಿಸಿದರು. ತಜ್ಞೆ ಮಾತ್ರ ಪೆಟ್ಟಿಗೆಯ ಕೆಂಪು ದೀಪವನ್ನೇ ನೋಡುತ್ತಿದ್ದಳು. ನೀರು ಇಳಿದರೆ ಮೋಟರ್ ನಿಲ್ಲಿಸಿ, ತಿರುಗಿ ಊರಿದ ಮೇಲೆ ಶುರು ಮಾಡುವ ಪೆಟ್ಟಿಗೆ ಅದು. ಆ ಕಡೆ ಬಹಳ ಹೊಲಗಳಲ್ಲಿದೆ.

"ನನ್ನ ಮಾಡೆಲ್‌ನ್ಯಾಗ ಮೋಟರ್ ನಿಲ್ಲೂದ ಇಲ್ಲ ಅಕ್ಕಾ," ಅಂದಳು. "ಇಲ್ಲದ ನೀರು ಎತ್ತಾಕ ಹೋಗತೈತಿ, ಲೆಕ್ಕ ಹರೀತೈತಿ. ಆಗಿದ್ದು ಇಷ್ಟ ನೋಡ್ರಿ."

ಅವಳು ಅಲ್ಲೇ ಬದುವಿನ ಮೇಲೆ ಕೂತು ಬದಲಾವಣೆಯನ್ನು ಬರೆದುಕೊಂಡಳು. ನೀರು ಪಂಪಿನ ಮಟ್ಟಕ್ಕಿಂತ ಇಳಿದರೆ ಎತ್ತುವುದು ಸೊನ್ನೆ, ಏರಿದರೆ ಮತ್ತೆ ಶುರು. ರಾಮದುರ್ಗಕ್ಕೆ ಹೋಗಿ ತಿದ್ದಿದಳು. ನೀರು ಇಳಿಯದ ಓಟಗಳಿಗೆ ಈ ಬದಲಾವಣೆ ತಾಗುವುದಿಲ್ಲ. ಹಾಗಾಗಿ ನಿಂತುಹೋದ ಓಟಗಳನ್ನು ಮತ್ತು ನೀರು ಪಂಪಿನ ಮಟ್ಟ ಮುಟ್ಟಿದ ಓಟಗಳನ್ನು ಮಾತ್ರ ಮತ್ತೆ ಓಡಿಸಿದರೆ ಸಾಕಾಗಿತ್ತು. ಎಲ್ಲವೂ ಕೊನೆ ಮುಟ್ಟಿದವು. ಸಂಖ್ಯೆಗಳು ಬಂದ ದಿನ ಮುಖ್ಯಸ್ಥರೂ ನನ್ನ ಹಿಂದೆ ಬಂದು ನಿಂತರು.

ಖಾಲಿ ಸಾಲು ಇರಲಿಲ್ಲ. ಖೊಟ್ಟಿ ಅಂಶ ಸೊನ್ನೆಯಲ್ಲಿತ್ತು. ಎತ್ತುವ ನೀರು ಎಲ್ಲಕ್ಕಿಂತ ಮೇಲೆ ನಿಂತಿತ್ತು, ಅದರ ವ್ಯಾಪ್ತಿಯ ಕೆಳಗಿನ ತುದಿ ಬೇರೆ ಯಾವುದರ ಮೇಲಿನ ತುದಿಗೂ ತಾಗುತ್ತಿರಲಿಲ್ಲ. ತಜ್ಞೆ ಮೊದಲು ತಂದಿದ್ದ ಎರಡೂ ಗುಂಪುಗಳಲ್ಲಿ ಅದೇ ಉತ್ತರ. ಬಂಡೆಯ ಆಳ ಕೆಳಗಿಳಿದು ಮಣ್ಣಿನಲ್ಲಿ ಇಂಗುವ ನೀರಿನ ಜೊತೆ ಸೇರಿಕೊಂಡಿತ್ತು, ಅವೆರಡರಲ್ಲಿ ಯಾವುದು ಮುಂದೆ ಎಂದು ಹೇಳಲಾಗುತ್ತಿರಲಿಲ್ಲ. ಮುಖ್ಯಸ್ಥರು ಕೆಳಗೆ ಹೋಗಿ ಎಲ್ಲರಿಗೂ ಚುರುಮುರಿಯ ಗಿರಮಿಟ್ಟು ಕಟ್ಟಿಸಿಕೊಂಡು ಬಂದರು.

ಮೀಟರ್ ಕೂಡಿಸಬೇಕು ಎಂದಾಯಿತು. ಊರಿನವರಿಗೆ ಹೇಳುವುದೇ ಕಷ್ಟದ ಭಾಗ. ಸಭೆಗೆ ನಾನೂ ಬರಬೇಕು ಎಂದು ತಜ್ಞೆ ಹಟ ಹಿಡಿದಳು. ಗುಡಿಯ ಮುಂದಿನ ಕಟ್ಟೆಯ ಮೇಲೆ ಜನ ಸೇರಿದ್ದರು. ತಜ್ಞೆ ತನ್ನ ಮೊದಲ ಉತ್ತರ ನೋಡಿ ಹೇಳಿದ್ದನ್ನು ನಂಬಿ ಬಂಡೆ ಅಳೆಯಲು ಬರುತ್ತಾರೆ ಎಂದುಕೊಂಡವರಿಗೆ ಮೀಟರ್ ಮಾತು ಕೇಳಿ ಸಿಟ್ಟು ಬಂತು. ಎರಡು ತಿಂಗಳ ಹಿಂದೆ ಬಂಡಿ ಅಂದ್ರಿ, ಈಗ ಮೀಟರ್ ಅಂತೀರಿ, ನಾಳೆ ಇನ್ನೊಂದು ಅಂತೀರಿ ಎಂದು ಒಬ್ಬರು ಎದ್ದು ನಿಂತು ಕೇಳಿದರು. ನ್ಯಾಯವಾದ ಪ್ರಶ್ನೆ. ತಜ್ಞೆ ನನ್ನ ಮುಖ ನೋಡಿದಳು.

ನಡೆದದ್ದನ್ನೇ ಹೇಳಿದೆ. ಬೋರ್ ಬತ್ತಿದ ಓಟಗಳು ಲೆಕ್ಕದಿಂದ ಬಿಟ್ಟುಹೋಗಿದ್ದವು, ಈಗ ಸೇರಿಸಿದ್ದೇವೆ. ಇದೇ ಲೆಕ್ಕವನ್ನು ಬೇರೆ ಗುಂಪು ಹಿಡಿದು ಮತ್ತೆ ಮಾಡಿದರೂ ಎತ್ತುವ ನೀರೇ ಮೊದಲು ಬರುತ್ತದೆ, ಅಷ್ಟರಮಟ್ಟಿಗೆ ನನಗೆ ಖಾತ್ರಿ ಇದೆ. ಮೀಟರಿನ ಸಂಖ್ಯೆಗಳು ಸಮಿತಿಯ ಕೈಯಲ್ಲೇ ಇರುತ್ತವೆ ಎಂದು ತಜ್ಞೆ ಸೇರಿಸಿದಳು.

ಅಧ್ಯಕ್ಷೆ ನನ್ನ ಕಡೆ ತಿರುಗಿದರು.

"ಮೊದಲಿಂದು ಗೊತ್ತಾತು. ಎರಡನೇದು ಯಾವ್ದ ತಂಗಿ?"

"ಎರಡನೇದು ನಮಗ ಗೊತ್ತಿಲ್ರಿ ಅವ್ವಾರ. ಬಂಡಿ ಇರಬಹುದು, ಮಣ್ಣಿರಬಹುದು. ಈಗ ಇರೂ ಲೆಕ್ಕದಾಗ ಹೇಳಾಕ ಬರೂದಿಲ್ಲ."

ಕಟ್ಟೆಯ ಮೇಲೆ ಗುಸುಗುಸು ಎದ್ದಿತು. ಇವರಿಗೇ ಗೊತ್ತಿಲ್ಲವಂತೆ ಎಂದು ಯಾರೋ ನಕ್ಕರು. ಮಾತು ಕೈತಪ್ಪಿತು ಎಂದುಕೊಂಡೆ. ಅಧ್ಯಕ್ಷೆ ಸೆರಗು ಸರಿಮಾಡಿಕೊಂಡು ಎದ್ದರು.

"ನನ್ನ ಎರಡೂ ಬೋರಿಗೆ ಮೊದಲ ಹಚ್ರಿ. ಒಂದು ತಿಂಗಳು ಉಳಿದವರು ನೋಡ್ಲಿ. ಬಿಲ್ಲು ಬಂದ್ರ ನನಗ ಬರ್ಲಿ."

ಹಾಗೆಯೇ ಆಯಿತು. ಒಂದು ತಿಂಗಳು ಕಾಯಬೇಕಾಗಲಿಲ್ಲ. ಸಭೆಯಲ್ಲಿ ಎದ್ದು ನಿಂತು ಕೇಳಿದವರೇ ವಾರದೊಳಗೆ ಬಂದು ತಮ್ಮ ಬೋರಿಗೂ ಹಚ್ಚಿಸಿಕೊಂಡರು. ತಮ್ಮ ಮೋಟರ್ ದಿನಕ್ಕೆ ಎಷ್ಟು ಎತ್ತುತ್ತದೆ ಎಂದು ನೋಡುವ ಕುತೂಹಲ ಅವರಿಗೆ. ಇಬ್ಬರು ಕೊನೆಯವರೆಗೂ ಒಪ್ಪಲಿಲ್ಲ, ಅವರನ್ನು ಬಿಟ್ಟೆವು. ಬಿಟ್ಟಿದ್ದನ್ನು ಲೆಕ್ಕದಲ್ಲಿ ಕಾಣುವಂತೆ ಬರೆದೆವು. ಮೀಟರಿನ ಸಂಖ್ಯೆ ಹಾಕಿ ಓಡಿಸಿದಾಗ ಮಾಡೆಲ್ ಹೇಳುವ ನೀರಿನ ಮಟ್ಟದ ಅನುಮಾನ ಬಹಳಷ್ಟು ತಗ್ಗಿತು. ಸಮಿತಿಯವರು ಅದನ್ನು ಮುಂದಿಟ್ಟುಕೊಂಡು ಮೋಟರ್ ಹಚ್ಚುವ ಪಾಳಿ ಗೊತ್ತುಮಾಡಿದರು. ಕುಡಿಯುವ ಬೋರ್ ಆ ಬೇಸಿಗೆ ಸಣ್ಣದಾಗಿ ಹರಿದರೂ ನಿಲ್ಲಲಿಲ್ಲ. ಮುಂಗಾರಿಗೆ ಮುಂಚಿನ ಅಡ್ಡಮಳೆಗಳು ಚೆನ್ನಾಗಿ ಬಿದ್ದದ್ದೂ ಅದಕ್ಕೆ ಕಾರಣ ಇರಬಹುದು. ಎಷ್ಟು ಪಾಲು ಮಳೆಯದು, ಎಷ್ಟು ಪಾಳಿಯದು ಎಂದು ನಾನು ಹೇಳಲಾರೆ.

ಹೊಸ ಆವೃತ್ತಿ ತಡವಾಗಿ ಹೊರಟಿತು. ಉತ್ತರ ಕೊಡದೆ ಚುಕ್ಕೆಗಳನ್ನು ತೋರಿಸಿ ನಿಲ್ಲುತ್ತದೆ ಎಂದು ದೂರುವ ಫೋನುಗಳು ಬರುತ್ತವೆ. ಮುಖ್ಯಸ್ಥರೇ ಎತ್ತುತ್ತಾರೆ. ಆ ಚುಕ್ಕೆಗಳು ಯಾವ ಮೂಲೆಯಲ್ಲಿವೆ ಹೇಳ್ರಿ ಎಂದು ಕೇಳಿ ತಾಳ್ಮೆಯಿಂದ ಕಾಯುತ್ತಾರೆ.

ಮಳೆಗಾಲದ ಮೊದಲಲ್ಲಿ ಮೀಟರುಗಳನ್ನು ನೋಡಿ ಬರಲು ನಾನೂ ತಜ್ಞೆಯೂ ಮತ್ತೆ ಆ ಊರಿಗೆ ಹೋಗಿದ್ದೆವು. ಹೆಸರು ಬಿತ್ತಿದ ಹೊಲಗಳು ಹಸಿರಾಗಿದ್ದವು. ಕೆಲಸ ಮುಗಿಸಿ ಹೂಲಿಗೆ ನಡೆದು ಬಂದು ಬಸ್ಸಿಗೆ ಕಾಯುತ್ತಾ ಕಲ್ಲಿನ ಮೇಲೆ ಕೂತೆವು. ಮೋಡ ಕಟ್ಟಿ ಗಾಳಿ ತಂಪಾಗಿತ್ತು. ಅವಳು ಕೇಳಿದಳು.

"ಅಕ್ಕಾ, ಎರಡನೇದು ಯಾವ್ದಿರಬೇಕು? ಲೆಕ್ಕ ಬ್ಯಾಡ. ನಿಮಗ ಏನ ಅನಸ್ತೈತಿ?"

ನನಗೆ ಒಂದು ಅನಿಸಿಕೆ ಇತ್ತು. ನಿನಗೇನನ್ನಿಸುತ್ತದೆ ಎಂದು ತಿರುಗಿ ಕೇಳಿದೆ. ತನಗೂ ಒಂದು ಇದೆ ಎಂದಳು. ಇಬ್ಬರೂ ನಕ್ಕೆವು. ಬಸ್ಸು ಬರುವವರೆಗೆ ಅವಳೂ ಹೇಳಲಿಲ್ಲ, ನಾನೂ ಹೇಳಲಿಲ್ಲ.